ತೌಡಿಗೆ ಕೊಂಡ ಮಕ್ಕಳು

ಮಳೆಗಾಲದಲ್ಲಿ ಅವರ ಎರಡೂ ಕಾಲು ಮೊಣಕಾಲಿನಿಂದ ಕೆಳಗೆ ಕಪ್ಪಗಿರುತ್ತಿದ್ದವು. ಎರೆಮಣ್ಣು ಮೀನಖಂಡದವರೆಗೆ ಮೆತ್ತಿ, ಅಲ್ಲೇ ಒಣಗಿ, ಸಾಲೆಯ ಹುಡುಗಿಯರ ಕಾಲುಚೀಲದ ಹಾಗೆ ಕಾಣುತ್ತಿತ್ತು. ಚಪ್ಪಲಿ ಎಡಗಂಕುಳಲ್ಲಿ, ಬಿಳಿ ಸೀರೆಯ ನೆರಿಗೆ ಸೊಂಟದಲ್ಲಿ, ಬಲಗೈಯಲ್ಲಿ ಸರಕಾರಿ ಚೀಲ. ಯಾವ ಮನೆಯ ಮುಂದೆ ನಿಂತರೂ ಅವರ ಮೊದಲ ಮಾತು ಒಂದೇ: "ಕಾಲಿಗೆ ಒಂದು ತಂಬಿಗಿ ನೀರು ಕೊಡವ್ವಾ."

ಎಪ್ಪತ್ತರ ದಶಕದ ಆರಂಭದಲ್ಲಿ, ಇಪ್ಪತ್ತು ವರ್ಷದ ನಾನು ಬಳ್ಳಾರಿಯಲ್ಲಿ ನರ್ಸ್ ಟ್ರೇನಿಂಗ್ ಮುಗಿಸಿ ಕುರುಗೋಡಿನ ದವಾಖಾನೆಗೆ ಬಂದಾಗ ಅವರು ನನ್ನ ಮೇಲಿನ ಹೆಲ್ತ್ ವಿಜಿಟರ್. ಸುತ್ತಲ ಹಳ್ಳಿಗಳ ಬಸುರಿ, ಬಾಣಂತಿ, ಐದು ವರ್ಷದೊಳಗಿನ ಮಕ್ಕಳು ಎಲ್ಲ ಅವರ ಪಾಲಿಗೆ ಬರುತ್ತಿದ್ದರು. ಊರವರು ಅವರನ್ನು ಹಿರೇ ನರ್ಸಮ್ಮ ಎನ್ನುತ್ತಿದ್ದರು, ನನ್ನನ್ನು ಸಣ್ಣ ನರ್ಸಮ್ಮ. ನಾನು ಮಾತ್ರ ಅವರನ್ನು ಅಕ್ಕೋರು ಎಂದೇ ಕರೆದೆ, ಕೊನೆಯವರೆಗೂ.

ಉರಿಬೇಸಿಗೆಯಲ್ಲೂ ಅವರು ಕಾಲಿಗೆ ನೀರು ಕೇಳುವುದನ್ನು ಕಂಡು ನನಗೆ ನಗು. "ಈ ಬಿಸಲಾಗ ಕೆಸರೆಲ್ಲಿತ್ರೀ ಅಕ್ಕೋರ?" ಎಂದು ಒಮ್ಮೆ ಚೇಷ್ಟೆ ಮಾಡಿದೆ.

"ಕಾಲಿಗೆ ನೀರು ಕೊಟ್ಟ ಮ್ಯಾಲೆ ಯಾರಿಗೂ ಹೊರಗ ಹೋಗು ಅನ್ನಾಕ ಬಾಯಿ ಬರಂಗಿಲ್ಲ. ಬೀಗರಂಗ ಒಳಗ ಹೋಗಬೇಕು, ಪೊಲೀಸರಂಗಲ್ಲ. ನಿಮ್ಮ ಟ್ರೇನಿಂಗಿನಾಗ ಇದನ್ನ ಹೇಳಿಕೊಟ್ಟಿಲ್ಲೇನು?"

ಹೇಳಿಕೊಟ್ಟಿರಲಿಲ್ಲ. ನಮಗೆ ಹೇಳಿಕೊಟ್ಟದ್ದು ಕೈ ತೊಳೆಯುವುದನ್ನು.

ಅವರ ಹಿಂದಿನ ಬದುಕು ನನಗೆ ತಿಳಿದದ್ದು ಚೂರುಪಾರು. ಹದಿನಾಲ್ಕಕ್ಕೆ ಮದುವೆ, ಹದಿನಾರಕ್ಕೆ ಗಂಡ ತೀರಿಕೊಂಡದ್ದು. ಮಕ್ಕಳಿಲ್ಲ. ಅಣ್ಣ ನರ್ಸ್ ಕೆಲಸ ಕಲಿಯಲು ಬಳ್ಳಾರಿಗೆ ಕಳಿಸಿದ. ಕಲಿತ ಮೇಲೆ ಅದೇ ಅಣ್ಣನ ಮನೆಯಲ್ಲಿ ಅವರ ಕೈಯ ನೀರು ನಡೆಯದಾಯಿತು. ಎಲ್ಲ ಜಾತಿಯ ಮನೆಗಳಲ್ಲಿ ಹೆರಿಗೆ ಮಾಡಿಸುವ ಕೈ ಅಲ್ಲವೇ. ಆ ಅಣ್ಣನ ಮಾತು ಬಂದರೆ ಅವರು ಬೈಯುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. "ಅವರ ಮನಿ ಅವರಿಗೆ" ಎಂದು ಚೀಲದಲ್ಲಿನ ತಕ್ಕಡಿ ತೆಗೆದು ಒರೆಸಲು ಕೂಡುತ್ತಿದ್ದರು.

ದವಾಖಾನೆಯ ಹಿಂದೆ ಒಂದೇ ಕೋಣೆಯ ಕ್ವಾರ್ಟರ್ಸು. ಎರಡು ದಿನಕ್ಕಾಗುವಷ್ಟು ರೊಟ್ಟಿ ಒಮ್ಮೆಗೇ ಬಡಿದಿಡುತ್ತಿದ್ದರು. ಒಬ್ಬಳಿಗಾಗಿ ದಿನಾ ಒಲೆ ಹಚ್ಚುವುದು ಬೇಜಾರು ಎನ್ನುತ್ತಿದ್ದರು. ಸಂಜೆ ಐದೂವರೆಗೆ ಮುಖ ತೊಳೆದು, ತಲೆ ಬಾಚಿ, ಬಸ್ ಸ್ಟ್ಯಾಂಡಿಗೆ ಹೋಗಿ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂಡುವುದು ರೂಢಿ. ಬಳ್ಳಾರಿ ಬಸ್ಸು ಬಂದು, ಜನ ಇಳಿದು, ಗಂಟುಮೂಟೆ ಹೊತ್ತು ಮನೆ ಕಡೆ ನಡೆಯುವವರೆಗೂ ಅಲ್ಲೇ ಇರುತ್ತಿದ್ದರು. ಯಾರೋ ನೆಂಟರು ಬರುವವರಿದ್ದಾರೆ ಎಂದುಕೊಂಡು ನಾನು ಮೊದಮೊದಲು ಕೇಳಿದೆ.

"ಯಾರು ಬರ್ತಾರ್ರೀ ಅಕ್ಕೋರ?"

"ನನಗ್ಯಾರು ಬರ್ತಾರ? ಬರೋರನ್ನ ನೋಡಾಕ ಬಂದೀನಿ."

ಹೆರಿಗೆಯ ಹೊತ್ತಿಗೆ ಅವರಿಲ್ಲದೆ ಆಗದು. ಆದರೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಹಣೆಯಲ್ಲಿ ಕುಂಕುಮವಿಲ್ಲದವರು ಶುಭಕಾರ್ಯದಲ್ಲಿ ಎದುರು ನಿಲ್ಲಬಾರದಂತೆ. ಮರುದಿನ ಕೂಸಿನ ತೂಕ ನೋಡುವ ನೆಪದಲ್ಲಿ ಅವರೇ ಹೋಗುವರು. ಮನೆಯವರು ಉಳಿದ ಹೋಳಿಗೆಯನ್ನು ಎಲೆಯಲ್ಲಿ ಸುತ್ತಿ ಕೊಡುವರು. "ಒಂದು ದಿನ ಹಳೇದಾದ್ರ ಹೋಳಿಗಿ ಭಾಳ ರುಚಿ" ಎಂದು ದಾರಿಯಲ್ಲಿ ನನಗೂ ಮುರಿದು ಕೊಡುತ್ತಿದ್ದರು. ನಾನು ಆ ಚೂರನ್ನು ಕೈಯಲ್ಲೇ ಹಿಡಿದು ನಡೆಯುತ್ತಿದ್ದೆ. ಅವರು ಮಾತ್ರ ಬೆರಳು ಚೀಪುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಮೋಕದ ಕಡೆಯ ಒಂದು ಹಳ್ಳಿಗೆ ಹೋದಾಗ ಒಂದು ಮನೆಯ ಅಜ್ಜಿ ನಮ್ಮನ್ನು ಒಳಗೆ ಬಿಡದೆ ತಿಪ್ಪೆಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಮೊರದಲ್ಲಿ ತೌಡು ಹರವಿ, ಅದರ ಮೇಲೆ ಹನ್ನೊಂದು ದಿನದ ಗಂಡುಕೂಸನ್ನು ಮಲಗಿಸಿದ್ದರು. ಹಸಿ ಬಾಣಂತಿ ಬೇಲಿಗೆ ಆತು ನಿಂತಿದ್ದಳು. ಅವಳಿಗೆ ಹಿಂದೆ ಹುಟ್ಟಿದ್ದ ಎರಡೂ ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಹಾಗೆ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲಿಟ್ಟು ಬೇರೆಯವರಿಗೆ ಮಾರುವ ಪದ್ಧತಿ ನಮ್ಮ ಕಡೆ ಇತ್ತು. ಕೊಂಡವರು ಒಂದು ಸೇರು ತೌಡು ಕೊಡಬೇಕು. ಅಲ್ಲಿಂದ ಕೂಸು ಅವರದು. ಹೆತ್ತವಳು ಸಾಕುವ ದಾದಿ ಮಾತ್ರ. ಸಾವು ಆ ಮನೆಗೆ ಬಂದು ನೋಡಿದರೆ ಆ ಮನೆಯ ಕೂಸು ಅಲ್ಲಿರುವುದಿಲ್ಲ.

"ನೀವು ತಗೋರಿ ನರ್ಸಮ್ಮ" ಎಂದಳು ಅಜ್ಜಿ. "ಓಣ್ಯಾಗ ಯಾರಿಗೆ ಕೊಟ್ರೂ ಕಣ್ಣು ಬೀಳ್ತಾವ. ನಿಮಗಾದ್ರ ಹಿಂದಿಲ್ಲ ಮುಂದಿಲ್ಲ. ನಿಮ್ಮ ಹತ್ರ ಏನೈತಿ ಅಂತ ಜವರಾಯ ಬರ್ತಾನ?"

ಅಜ್ಜಿ ಅದನ್ನು ನೋಯಿಸಲು ಹೇಳಲಿಲ್ಲ. ಲೆಕ್ಕಾಚಾರದ ಮಾತು ಅದು. ನನಗೆ ಮೈ ಉರಿದುಹೋಯಿತು. ಹೊಸ ಓದಿನ ಬಿಸಿ ಬೇರೆ. ಇದು ಮೂಢನಂಬಿಕೆ, ಸರಕಾರಿ ಕೆಲಸದವರು ಇಂಥದಕ್ಕೆ ಕೈ ಹಾಕಬಾರದು ಎಂದು ಅಕ್ಕೋರ ಕಿವಿಯಲ್ಲಿ ಪಿಸುಗುಟ್ಟಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಪಕ್ಕದ ಮನೆಯಲ್ಲಿ ಒಂದು ಸೇರು ತೌಡು ಕೈಗಡ ತಂದು ಅಜ್ಜಿಯ ಉಡಿಗೆ ಸುರಿದರು, ಕೂಸನ್ನು ಎತ್ತಿಕೊಂಡು ಕಿವಿಗೆ ಅಂಟಿದ ತೌಡನ್ನು ಊದಿದರು. "ಏನಲೇ ನನ್ನ ಆಸ್ತಿ" ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು ಬಾಣಂತಿಗೆ ಹೇಳಿದರು: "ಇನ್ನ ಮ್ಯಾಲೆ ಇದು ನನ್ನ ಕೂಸು. ನಾ ಹೇಳಿದಂಗ ಸಾಕಬೇಕು. ತಿಳೀತಿಲ್ಲ?"

ದಾರಿಯಲ್ಲಿ ನಾನು ಮುಖ ಊದಿಸಿಕೊಂಡೇ ನಡೆದೆ. ಅರ್ಧ ದಾರಿಗೆ ಅವರೇ ಮಾತು ತೆಗೆದರು. "ಹುಚ್ಚಿ, ಮೂರು ವರ್ಷದಿಂದ ಆ ಅಜ್ಜಿ ಒಂದು ಸೂಜಿ ಹಾಕಿಸಗೊಡಲಿಲ್ಲ. ಈಗ ನನ್ನ ಕೂಸಿಗೆ ನಾ ಸೂಜಿ ಹಾಕಾಕ ಯಾರ ಅಪ್ಪಣಿ ಬೇಕು ಹೇಳು?"

ಏಳನೆಯ ತಿಂಗಳಲ್ಲಿ ಆ ಕೂಸಿಗೆ ವಾಂತಿಭೇದಿ ಹಿಡಿಯಿತು. ನಾವು ಹೋಗುವ ಹೊತ್ತಿಗೆ ಕಣ್ಣು ಗುಳಿಬಿದ್ದು, ನೆತ್ತಿ ಒಳಸರಿದಿತ್ತು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಅಜ್ಜಿ ನೀರನ್ನೂ ಮೊಲೆಹಾಲನ್ನೂ ನಿಲ್ಲಿಸಿದ್ದಳು. ಅಕ್ಕೋರು ಅವತ್ತು ಕಾಲಿಗೆ ನೀರು ಕೇಳಲಿಲ್ಲ. ಕೆಸರುಗಾಲಲ್ಲೇ ಒಳಗೆ ನುಗ್ಗಿದರು.

"ಯಾರ ಕೂಸು ಇದು?"

"ನಿಮ್ದೇರಿ ನರ್ಸಮ್ಮ" ಎಂದಳು ಅಜ್ಜಿ, ಹೆದರಿ.

"ನನ್ನ ಕೂಸಿಗೆ ನೀರು ಬಂದ್ ಮಾಡಾಕ ನೀ ಯಾರು?"

ಕಾಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಬೆಲ್ಲ ಕದಡಿ, ಒಳಲೆಯಲ್ಲಿ ಹನಿ ಹನಿಯಾಗಿ ಬಿಡುತ್ತ ಬೆಳಗಿನಿಂದ ಸಂಜೆಯವರೆಗೆ ಕೂತರು. ಕೂಸು ಕಕ್ಕಿತು, ಮತ್ತೆ ಬಿಟ್ಟರು. ನಡುನಡುವೆ ತಾಯಿಯ ಎದೆಗೆ ಹಚ್ಚಿಸಿದರು. ಸಂಜೆ ಕೂಸು ಅವರ ತೊಡೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಾಗ ಅವರು ನಕ್ಕ ನಗುವನ್ನು ಇನ್ನೊಂದು ಸಲ ನೋಡಲು ನಾನು ಏನನ್ನಾದರೂ ಕೊಟ್ಟೇನು.

ಸುದ್ದಿ ಹಬ್ಬಿತು. ಹಿರೇ ನರ್ಸಮ್ಮ ಕೊಂಡ ಕೂಸು ನಿಲ್ಲುತ್ತದೆ ಎಂದು ಹಳ್ಳಿಹಳ್ಳಿಯಿಂದ ಮೊರಗಳು ಬರತೊಡಗಿದವು. ಅಕ್ಕೋರು ಯಾರಿಗೂ ಇಲ್ಲ ಎನ್ನಲಿಲ್ಲ. ಕೊಂಡ ಪ್ರತಿ ಕೂಸಿಗೂ ಸಿಡುಬು ಬಾರದಂತೆ ದೇವಿ ಹಾಕಿಸಿದರು, ನಾಯಿಕೆಮ್ಮು ಧನುರ್ವಾಯು ತಡೆಯುವ ಟ್ರಿಪಲ್ ಸೂಜಿ ಹಾಕಿಸಿದರು, ಆರು ತಿಂಗಳಿಗೆ ಮೆತ್ತನ್ನ ಅನ್ನ ತಿನ್ನಿಸಿದರು. ನಿಂತದ್ದು ಅದರಿಂದ ಎಂದು ನಮಗಿಬ್ಬರಿಗೂ ಗೊತ್ತಿತ್ತು. "ಯಾತಕ್ಕ ನಿಂತ್ರೇನು, ನಿಲ್ಲಲಿ" ಎನ್ನುತ್ತಿದ್ದರು.

ಆದರೆ ಆ ಪದ್ಧತಿಗೆ ಇನ್ನೊಂದು ತುದಿ ಇತ್ತು. ಐದು ವರ್ಷ ತುಂಬಿದ ಮೇಲೆ ಹೆತ್ತವಳು ಕೂಸನ್ನು ಮರಳಿ ಕೊಳ್ಳಬೇಕು. ಅಕ್ಕಿ ಬೆಲ್ಲ ಕೊಟ್ಟು ಕೂಸನ್ನು ಕೈಯಿಂದ ಇಸಿದುಕೊಂಡರೆ, ಅಲ್ಲಿಯವರೆಗೆ ತಾಯಿಯಾಗಿದ್ದವಳು ತಿರುಗಿ ನೋಡದೆ ಹೋಗಬೇಕು. ಒಂದು ವರ್ಷ ಆ ಕೂಸಿನ ಮುಖ ನೋಡಬಾರದು. ನೋಡಿದರೆ ಮರಳಿ ಕೊಂಡದ್ದು ನಿಲ್ಲುವುದಿಲ್ಲ, ಕೂಸಿಗೆ ಕೇಡು. ಅಕ್ಕೋರು ಇದನ್ನು ಚಾಚೂ ತಪ್ಪದೆ ನಡೆಸಿದರು. "ಈ ವರ್ಷ ಆ ಮನಿ ನಿಂದು" ಎಂದು ಆ ಮನೆಯ ಭೇಟಿ ನನಗೆ ಒಪ್ಪಿಸುತ್ತಿದ್ದರು. ನಾನು ಹೋಗಿ ಬಂದ ಮೇಲೆ ಕೇಳುತ್ತಿದ್ದದ್ದು ಒಂದೇ: "ತೂಕ ಎಷ್ಟೈತಿ?"

ಇಷ್ಟೆಲ್ಲ ಕಂಡವಳು ನಾನು. ಮುಂದಿನದನ್ನು ಹೇಳಲು ನನಗೆ ನಾಚಿಕೆ.

ನನ್ನ ಮದುವೆ ಕುರುಗೋಡಿನವರೇ ಆದ ಮಾಸ್ತರರೊಂದಿಗೆ ಆಯಿತು. ಚೊಚ್ಚಲ ಗಂಡುಕೂಸು ಮೂರು ತಿಂಗಳಿಗೆ ಕೆಮ್ಮು ದಮ್ಮು ಹೆಚ್ಚಾಗಿ, ಬಳ್ಳಾರಿ ಆಸ್ಪತ್ರೆಗೆ ಒಯ್ಯುವಾಗ ಬಸ್ಸಿನಲ್ಲಿ ಅಕ್ಕೋರ ತೊಡೆಯ ಮೇಲೆಯೇ ಹೋಯಿತು. ಅವರು ಒಂದು ತಿಂಗಳು ದಿನಾ ಬೆಳಿಗ್ಗೆ ಬಂದು ನನ್ನ ತಲೆ ಬಾಚಿ ಹೆರಳು ಹಾಕಿ ಹೋದರು. ನಾನು ಎದ್ದು ಕೆಲಸಕ್ಕೆ ಹೋಗುವಂತಾದದ್ದು ಆ ಹೆರಳಿನಿಂದ.

ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಮಾರಬೇಕು ಎಂದರು ನಮ್ಮತ್ತೆ. ನಾನು ನಕ್ಕೆ, ಬೈದೆ, ಹತ್ತು ದಿನ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತನೆಯ ರಾತ್ರಿ ಮಗು ಒಮ್ಮೆ ಕೆಮ್ಮಿತು. ಹನ್ನೊಂದನೆಯ ದಿನ ಮೊರಕ್ಕೆ ತೌಡು ಹರವಿದವಳು ನಾನೇ.

ಅಕ್ಕೋರು ಬಂದರು. ಮೊರ ನೋಡಿದರು, ನನ್ನನ್ನು ನೋಡಿದರು.

"ನೀನೂ ಏನವ್ವಾ?"

ಅಷ್ಟೇ ಅಂದದ್ದು. ಅವರಿಗೆ ಕೂಸು ಮಾರಿದವರೆಲ್ಲ, ತಿಪ್ಪೆಯ ಹತ್ತಿರ ಆ ಅಜ್ಜಿ ಆಡಿದ ಮಾತನ್ನೇ ಬಾಯಿಬಿಟ್ಟೋ ಬಿಡದೆಯೋ ಹೇಳಿದಂತಿತ್ತು: ನಿನ್ನ ಹತ್ತಿರ ಏನೂ ಇಲ್ಲ, ಅದಕ್ಕೇ ನೀನು ಬೇಕು. ನಾನೂ ಅದನ್ನೇ ಅವರ ಮುಖಕ್ಕೆ ಹೇಳಿಬಿಟ್ಟಿದ್ದೆ. ಅವರು ತಲೆ ತಗ್ಗಿಸಿ ತೌಡು ಅಳೆದರು, ಮಗುವನ್ನು ಎತ್ತಿಕೊಂಡರು. "ನನ್ನ ಆಸ್ತಿ" ಎನ್ನುವಾಗ ದನಿ ಎಂದಿನಂತಿರಲಿಲ್ಲ.

ಆಮೇಲಿನ ಐದು ವರ್ಷ ಅವರ ಬದುಕಿನ ಒಳ್ಳೆಯ ಕಾಲ ಎಂದು ನಾನು ನಂಬಿಕೊಂಡಿದ್ದೇನೆ. ಉಳಿದ ಮಕ್ಕಳು ಹಳ್ಳಿಗಳಲ್ಲಿದ್ದರು. ಇವಳು ಒಂದೇ ಓಣಿಯಾಚೆ. ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು ಬಿಟ್ಟು ನಮ್ಮ ಮನೆಯ ಕಟ್ಟೆಗೆ ಬರತೊಡಗಿದರು. ಭಾನುವಾರ ನಮ್ಮಲ್ಲೇ ಊಟ. ಮಗಳು ನನ್ನನ್ನು ಅಮ್ಮ ಎಂದರೆ ಅವರನ್ನು ಅವ್ವ ಎನ್ನುತ್ತಿದ್ದಳು. ಅವಳ ಸಿಂಬಳ ಒರೆಸುವುದರಿಂದ ಹಿಡಿದು ಸಾಲೆಗೆ ಹೆಸರು ಹಚ್ಚುವವರೆಗೆ ಅಕ್ಕೋರದೇ ಕಾರುಬಾರು. "ನಿನಗ ಸಾಕಾಕ ಕೊಟ್ಟೀನಿ, ನೆಟ್ಟಗ ಸಾಕು" ಎಂದು ನನ್ನನ್ನೇ ಗದರುವರು. ಒಮ್ಮೊಮ್ಮೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಅದನ್ನೂ ಹೇಳಿಬಿಡಬೇಕು.

ಐದು ತುಂಬಿತು. ಮರಳಿ ಕೊಳ್ಳುವ ದಿನ ಗೊತ್ತಾಯಿತು. ಹಿಂದಿನ ಸಂಜೆ ಅಕ್ಕೋರು ಕಟ್ಟೆಯ ಮೇಲೆ ಕೂತು ಮಗಳ ಉಗುರು ಕತ್ತರಿಸುತ್ತ, ತಲೆ ಎತ್ತದೆ ಕೇಳಿದರು.

"ಒಂದು ವರ್ಷದ ಮಾತು. ನಿಮ್ಮತ್ತಿದು ಬಿಡು. ನಿನಗ ಅಂಜಿಕಿ ಐತೇನು? ಖರೇ ಹೇಳು."

ಇಲ್ಲ ಎನ್ನಬೇಕಿತ್ತು. ಒಂದೇ ಮಾತಿನ ಉತ್ತರ, ಓದಿದವಳು ಹೇಳಬೇಕಾದ ಉತ್ತರ. ಬಸ್ಸಿನಲ್ಲಿ ಹೋದ ನನ್ನ ಮೊದಲ ಕೂಸು ಕಣ್ಣ ಮುಂದೆ ಬಂತು. ಕಟ್ಟೆಯ ಮೇಲೆ ಬಿದ್ದ ಉಗುರಿನ ಚೂರು ಆಯತೊಡಗಿದೆ.

"ಆತು" ಎಂದರು. "ಅಂಜಿಕಿ ಇಟ್ಟಗೊಂಡು ಕೂಸಿನ ಸಾಕಬಾರ್ದು. ನಾ ಬರಂಗಿಲ್ಲ."

ಮರುದಿನ ಅಕ್ಕಿ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗಳ ಕೈಯನ್ನು ನನ್ನ ಕೈಗೆ ಕೊಟ್ಟು, ತಿರುಗಿ ನೋಡದೆ ಹೋದರು. ಮಗಳು "ಅವ್ವಾ" ಎಂದು ಕೂಗಿದಾಗ ಒಂದು ಹೆಜ್ಜೆ ತಡೆದರು. ನಿಲ್ಲಲಿಲ್ಲ. ಹದಿನೈದು ದಿನಕ್ಕೆ ಅವರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಸರಕಾರದ್ದು ಎಂದುಕೊಂಡೆ. ತಾವಾಗಿ ಅರ್ಜಿ ಕೊಟ್ಟಿದ್ದರೆಂದು ಆಮೇಲೆ ಗುಮಾಸ್ತರು ಹೇಳಿದರು. ಒಂದೇ ಊರಿನಲ್ಲಿದ್ದರೆ ಸಾಲೆಯ ಹಾದಿಯಲ್ಲಿ ಎಂದಾದರೂ ಎದುರಾಗಬೇಕಾಗುತ್ತಿತ್ತಲ್ಲ.

ಆ ವರ್ಷ ಅವರಿಂದ ಬಂದದ್ದು ಒಂದೇ ಕಾರ್ಡು. ಕ್ಷೇಮ ಸಮಾಚಾರವಿಲ್ಲ. "ಐದು ವರ್ಷಕ್ಕೆ ಹಾಕಿಸುವ ಬೂಸ್ಟರ್ ಹಾಕಿಸಿದೆಯಾ?" ಎಂದಷ್ಟೇ ಇತ್ತು. ಹಾಕಿಸಿದ್ದೇನೆ ಎಂದು ಬರೆದೆ. ತೂಕವನ್ನೂ ಬರೆದೆ.

ಹತ್ತನೆಯ ತಿಂಗಳಲ್ಲಿ ಬಳ್ಳಾರಿಯ ಮೀಟಿಂಗಿನಲ್ಲಿ ಸಿರುಗುಪ್ಪದ ಜೀಪಿನ ಡ್ರೈವರ್ ಸಿಕ್ಕಿ, ಅಕ್ಕೋರಿಗೆ ಕಾಮಾಲೆಯಾಗಿದೆ, ಭಾಳ ಇಳಿದುಹೋಗಿದ್ದಾರೆ ಎಂದ. ಅಂದೇ ಹೋಗಬಹುದಿತ್ತು. ನಿಯಮವಿದ್ದದ್ದು ಮಗುವಿಗೆ, ನನಗಲ್ಲ. ಆದರೆ ಇನ್ನು ಎರಡು ತಿಂಗಳು ಕಳೆದರೆ ಮಗಳನ್ನೇ ಕರೆದುಕೊಂಡು ಹೋಗಬಹುದು, ಬಾಗಿಲು ತೆರೆದಾಗ ಅವಳನ್ನು ಮುಂದೆ ನಿಲ್ಲಿಸಬೇಕು, ಅವರ ಮುಖ ನೋಡಬೇಕು ಎಂದು ನನಗೆ ನಾನೇ ಹಬ್ಬದ ತಯಾರಿ ಮಾಡಿಕೊಂಡೆ. ಖಾಲಿ ಕೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಅವರಿಗೆ ನಾನೂ ಸಾಕಾಗುತ್ತಿದ್ದೆನೋ ಏನೋ. ಅದನ್ನು ಯೋಚಿಸಲೇ ಇಲ್ಲ.

ಮುಂದಿನ ತಿಂಗಳು ಒಂದು ಬೆಳಿಗ್ಗೆ ದವಾಖಾನೆಗೆ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದೆ, ಒಬ್ಬಳೇ. ಭತ್ತದ ಗಿರಣಿಗಳ ಹಿಂದಿನ ಓಣಿಯಲ್ಲಿ ಒಬ್ಬ ಮುಸ್ಲಿಂ ಅಜ್ಜಿಯ ಮನೆಯ ಮುಂಭಾಗದ ಕೋಣೆಯಲ್ಲಿ ಅವರಿದ್ದರು. ಗೋಡೆಗೆ ಆನಿಸಿ ಕೂರಿಸಿದ್ದರು. ಕಾಲು ತೀರ ಸಣ್ಣಗಾಗಿದ್ದವು, ಸ್ವಚ್ಛವಾಗಿ ತೊಳೆದಿದ್ದವು. ಅಣ್ಣನ ಮನೆಗೆ ತಂತಿ ಹೋಗಿತ್ತು, ಯಾರೂ ಬಂದಿರಲಿಲ್ಲ. ಓಣಿಯ ನಾಲ್ಕಾರು ಹೆಂಗಸರು, ಆಸ್ಪತ್ರೆಯ ಇಬ್ಬರು.

"ನೀವು ಅವರಿಗೆ ಏನಾಗಬೇಕ್ರಿ?" ಎಂದು ಮನೆಯೊಡತಿ ಕೇಳಿದರು.

ಹತ್ತು ವರ್ಷ ಅವರ ಹಿಂದೆ ನಡೆದಿದ್ದೆ. ಅವರ ಕೈಯಲ್ಲಿ ತಲೆ ಬಾಚಿಸಿಕೊಂಡಿದ್ದೆ. "ಒಂದೇ ಡಿಪಾರ್ಟ್‌ಮೆಂಟಿನವಳು" ಎಂದೆ.

"ಹೌದೇನ್ರಿ" ಎಂದು ಅವರು ನನ್ನ ಹಿಂದೆ ಬಾಗಿಲ ಕಡೆ ನೋಡಿದರು. "ಕುರುಗೋಡಿನಾಗ ಮಗಳು ಅದಾಳ ಅಂತಿದ್ರಲ್ಲ. ಒಂದನೇತ್ತಿ ಓದ್ತಾಳ, ವರ್ಷ ತುಂಬಲಿ, ಬರ್ತಾಳ ಅಂತ ದಿನಾ ಹೇಳೋರು. ಸಕ್ಕರಿ ಡಬ್ಬಿ ಆಕಿ ಸಲುವಾಗಿ ತೆಗೆದಿಟ್ಟಿದ್ರು, ನನಗೂ ಮುಟ್ಟಗೊಡತಿರಲಿಲ್ಲ. ಆಕಿ ಬರಲಿಲ್ಲೇನ್ರಿ?"

"ಆಕಿ ಸಣ್ಣಾಕಿ" ಎಂದೆ.

ಡಿಪಾರ್ಟ್‌ಮೆಂಟಿನವಳು ಎಂದು ಹೇಳಿಕೊಂಡಿದ್ದರಿಂದ ಮೈ ತೊಳೆಸುವಾಗ ಯಾರೂ ನನ್ನನ್ನು ಕರೆಯಲಿಲ್ಲ. ಬಾಯಿಗೆ ನೀರು ಬಿಟ್ಟವರು ಆ ಮನೆಯೊಡತಿ. ನಾನು ಆಸ್ಪತ್ರೆಯವರ ಜೊತೆ ಒಂದು ಬದಿಗೆ ನಿಂತಿದ್ದೆ. ಮಣ್ಣು ಕೊಟ್ಟು ಮುಗಿದ ಮೇಲೆ ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ಮೂರನೆಯ ದಿನ ಮಣ್ಣು ಕೊಟ್ಟಲ್ಲಿ ಹಾಲುತುಪ್ಪ ಬಿಡಬೇಕು, ಅದನ್ನು ಮಕ್ಕಳು ಬಿಡಬೇಕು. ಬೆಳಿಗ್ಗೆ ಎದ್ದು ಮಗಳಿಗೆ ಎಣ್ಣೆ ಹಚ್ಚಿ ಎರೆದು, ಹೆರಳು ಹಾಕಿದೆ. ಅತ್ತೆ ಅಡುಗೆಮನೆಯಿಂದ ಬಂದು, "ವರ್ಷ ತುಂಬಿಲ್ಲಲ್ಲ" ಎಂದರು. ನಾನು ಮಗಳ ಹೆರಳಿಗೆ ಟೇಪು ಕಟ್ಟಿದೆ. ಸ್ವಲ್ಪ ಹೊತ್ತಿಗೆ ಅವರೇ ಒಂದು ಗಿಂಡಿಯಲ್ಲಿ ಹಾಲು ತಂದು ನನ್ನ ಚೀಲದಲ್ಲಿಟ್ಟರು.

ಸಿರುಗುಪ್ಪದ ಮಣ್ಣು ಇನ್ನೂ ಹಸಿಯಾಗಿತ್ತು. ಹೇಗೆ ಬಿಡಬೇಕೆಂದು ನಾನು ತೋರಿಸಿಕೊಟ್ಟೆ, ಮಗಳು ಎರಡೂ ಕೈಯಲ್ಲಿ ಗಿಂಡಿ ಹಿಡಿದು ಚೆಲ್ಲದ ಹಾಗೆ ನಿಧಾನವಾಗಿ ಬಿಟ್ಟಳು. ಮನೆಯೊಡತಿಯೂ ನಮ್ಮೊಡನೆ ಬಂದಿದ್ದರು. ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಈಕೀನೇ ಏನ್ರಿ ಅವರ ಮಗಳು?" ಎಂದರು.

"ಹೌದ್ರಿ" ಎಂದೆ. "ಅವರ ಮಗಳು ಈಕೀನೇ."

ವರ್ಷ ತುಂಬಲು ಇನ್ನೂ ಇಪ್ಪತ್ತು ದಿನವಿತ್ತು.